ಬ್ರೇಕ್ ಆಯಿಲ್ ಬದಲಿಸಿದ ಭಾನುವಾರ

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅಮೃತಪ್ಪ ತನ್ನ ಪಿಕಪ್ ಗಾಡಿಯ ಬ್ರೇಕ್ ಆಯಿಲನ್ನು ಜಿಯಾಗುಡದ ಮನೆಯ ಮುಂದೆಯೇ ಬದಲಿಸುತ್ತಿದ್ದ. ಹುಮನಾಬಾದಿನಿಂದ ಈ ಶಹರಕ್ಕೆ ಬಂದು, ಬೇಗಂ ಬಜಾರಿನ ಸರಕು ಸಾಗಿಸುತ್ತಲೇ ತಲೆ ನರೆತ ಆತ ಬ್ರೇಕಿನ ಕೆಲಸವನ್ನು ಮಾತ್ರ ಯಾವ ಮೇಸ್ತ್ರಿಗೂ ಬಿಟ್ಟವನಲ್ಲ. ಒಳಗೆ ಕೂತು ಪೆಡಲ್ ತುಳಿಯುವುದು ಮಗಳು ಕಾವ್ಯಾಳ ಪಾಲು. ಶಹರದ ಇನ್ನೊಂದು ತುದಿಯ ಕೊಂಡಾಪುರದಲ್ಲಿ ನೌಕರಿ ಸಿಕ್ಕ ಮೇಲೂ ಆ ಒಂದು ಭಾನುವಾರವನ್ನು ಅವಳು ತಪ್ಪಿಸಿರಲಿಲ್ಲ.

ಈ ಸಲ ಅವಳಿಗೆ ಮನಸ್ಸಿರಲಿಲ್ಲ. ಅಪ್ಪನಿಗೆ ಮರೆವಿನ ರೋಗ ಹತ್ತಿತ್ತು. ಚಳಿಗಾಲದಲ್ಲೊಮ್ಮೆ ಪುರಾನಾಪುಲ್ ಸೇತುವೆಯ ಹತ್ತಿರ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ತನ್ನ ಮನೆ ಯಾವ ಕಡೆ ಎಂದು ಹೋಗಿಬರುವವರನ್ನು ಕೇಳುತ್ತಿದ್ದನಂತೆ. ಇನ್ನು ಸ್ಟೇರಿಂಗ್ ಮುಟ್ಟಕೂಡದು ಅಂದರು ಡಾಕ್ಟರು. ಅಂದಿನಿಂದ ಗಾಡಿ ಓಡಿಸುವುದಕ್ಕೆ ಸಾಬಣ್ಣ ಎಂಬ ಡ್ರೈವರ್ ಬರುತ್ತಿದ್ದ.

“ಈ ಕೆಲಸಾನೂ ಕಸಗೊಂಡ್ರ ಆತ ಹ್ಯಾಂಗ ಬದುಕಬೇಕು?” ಎಂದಳು ತಾಯಿ ಅಂಬವ್ವ. “ನೀ ಬಾಜೂಕ ಇರ್ತೀಯಲ್ಲ, ಮಾಡ್ಲಿ ಬಿಡು.”

ಅಮೃತಪ್ಪ ಬಾನೆಟ್ ಎತ್ತಿ, ಬ್ರೇಕಿನ ಡಬ್ಬಿಯ ಹಳೇ ಆಯಿಲನ್ನು ಸಿರಿಂಜಿನಿಂದ ಎಳೆದು ತೆಗೆದು, ಹೊಸದು ತುಂಬಿದ. ಡಬ್ಬಿಯಿಂದ ಎಲ್ಲಕ್ಕಿಂತ ದೂರದ್ದು ಮೊದಲು ಎಂದು ಎಡಗಡೆಯ ಹಿಂದಿನ ಗಾಲಿಗೆ ಹೋಗಿ, ನಿಪ್ಪಲಿಗೆ ಸಣ್ಣ ಪೈಪು ಸಿಕ್ಕಿಸಿ ಬಾಟಲಿಯೊಳಗೆ ಇಳಿಬಿಟ್ಟ.

“ಕಾವ್ಯಾ, ತುಳಿ. ಹಂಗ ಹಿಡಿ!”

ನಿಪ್ಪಲು ಸಡಿಲಿಸುವ ಪಾನಾ ತಿರುಗಿತು. ಅವಳ ಕಾಲಡಿ ಪೆಡಲ್ ಮೆತ್ತಗೆ ಕೆಳಗಿಳಿಯಿತು.

“ಮುಚ್ಚೀನಿ. ಈಗ ಬಿಡು.”

ಬಾಟಲಿಗೆ ಇಳಿಯುತ್ತಿದ್ದ ಆಯಿಲು ಡಿಕಾಕ್ಷನ್ನಿನಂತೆ ಕರ್ರಗಿದ್ದದ್ದು ಬರಬರುತ್ತ ತಿಳಿಯಾಯಿತು. ಒಂದು ಗಾಲಿ ಮುಗಿದು ಇನ್ನೊಂದಾಯಿತು, ಮತ್ತೊಂದಾಯಿತು. ಆತ ಎಲ್ಲಿಯೂ ತಡವರಿಸಲಿಲ್ಲ. ನಡುನಡುವೆ ಡಬ್ಬಿ ತುಂಬಿಸಲೂ ಮರೆಯಲಿಲ್ಲ. ಕಾವ್ಯಾಳ ಎದೆಯೊಳಗೆ ಏನೋ ಚಿಗುರಿತು. ಡಾಕ್ಟರದೇ ತಪ್ಪಿರಬಹುದು, ಇನ್ನೊಬ್ಬರಿಗೆ ತೋರಿಸಬೇಕು ಎಂದುಕೊಂಡಳು.

ಕೊನೆಯ ಗಾಲಿಗೆ ಮೊದಲು ಆತ ಮತ್ತೆ ಬಾನೆಟ್ಟಿನ ಹಿಂದೆ ಮರೆಯಾದ. ಆಮೇಲೆ ಬಂದು ಕೂತು, ತುಳಿ ಎಂದ, ಅವಳು ತುಳಿದಳು. ಕೆಲಸ ಮುಗಿಯಿತೆಂದು ಆತ ಪಾನಾ ಒರೆಸತೊಡಗಿದಾಗ ಕಾವ್ಯಾ ಇಳಿದು ಡಬ್ಬಿಯೊಳಗೆ ಬಗ್ಗಿ ನೋಡಿದಳು. ಮೇಲೆ ಜೇನಿನಂಥ ದಪ್ಪ ಪದರ ತೇಲುತ್ತಿತ್ತು. ಪಕ್ಕದಲ್ಲಿ ಮುಚ್ಚಳ ತೆರೆದ ಇಂಜಿನ್ ಆಯಿಲಿನ ಕ್ಯಾನು.

“ಅಪ್ಪಾ, ಇದರಾಗ ಇಂಜಿನ್ ಆಯಿಲ್ ಐತಿ.”

“ಯಾವ ಹಲ್ಕಟ್ ಹಾಕ್ಯಾನ?” ಎಂದು ಆತ ಗದರಿದ. “ಆ ಸಾಬಣ್ಣಂದ ಇದು ಕೆಲಸ!”

“ಸಾಬಣ್ಣ ಇವತ್ತ ಬಂದಿಲ್ಲಪ್ಪಾ. ನೀನ ಹಾಕೀದಿ. ಈಗ.”

ಅಂದಕೂಡಲೇ ಅನ್ನಬಾರದಿತ್ತು ಎನಿಸಿತು. ಅಮೃತಪ್ಪ ಡಬ್ಬಿಯಲ್ಲಿ ಬೆರಳದ್ದಿ ಮೂಸಿದ, ಹೆಬ್ಬೆರಳಿನಿಂದ ತಿಕ್ಕಿದ. ಆತನ ಮುಖದಿಂದ ಸಿಟ್ಟು ಇಳಿದುಹೋಯಿತು.

“ರಬ್ಬರ್ ಎಲ್ಲಾ ಉಬ್ಬತಾವ,” ಎಂದ ಸಣ್ಣ ದನಿಯಲ್ಲಿ. “ಬ್ರೇಕ್ ಹತ್ತಂಗಿಲ್ಲ. ಮಂದಿ ಸಾಯ್ತಾರವ್ವ. ನಾ ಏನ ಮಾಡಿದೆ ಇದು?”

ನೆಲದ ಮೇಲೆಯೇ ಕುಸಿದು ಕೂತ. ಕಾವ್ಯಾ ಆತನ ಕೈ ಹಿಡಿದಳು. ನಾಳೆ ಬೆಳಿಗ್ಗೆ ಸಾಬಣ್ಣ ಲೋಡು ತುಂಬಿಕೊಂಡು ಹೊರಡುವವನಿದ್ದ. ಗಾಡಿ ಮುಟ್ಟಬೇಡವೆಂದು ಅವನಿಗೆ ಹೇಳಲು ಅವಳು ಫೋನು ಹಿಡಿದು ಅಂಗಳದ ಮೂಲೆಗೆ ಹೋದಳು.

ಮರಳಿ ಬಂದಾಗ ಅಮೃತಪ್ಪ ಎದ್ದು ನಿಂತಿದ್ದ. ಮುಖದಲ್ಲಿ ಸಂಕಟದ ಗುರುತೇ ಇರಲಿಲ್ಲ. ಅವಳನ್ನು ಕಂಡು, ಬಜಾರಿನಲ್ಲಿ ಗಿರಾಕಿಗಳೊಡನೆ ಆಡುವ ಮರ್ಯಾದೆಯ ದನಿಯಲ್ಲಿ ಕೇಳಿದ:

“ಈ ಗಾಡಿ ನಿಮ್ಮದೇನ್ರಿ?”

“ಅಲ್ರಿ,” ಎಂದಳು ಕಾವ್ಯಾ.

“ಹಂಗಾರ ಮಾಲಕರಿಗೆ ಹೇಳ್ರಿ. ಬ್ರೇಕ್ ಭಾಳ ಖರಾಬ್ ಅದಾವ. ಓಡಸಬಾರದು.”

“ಹೇಳ್ತೀನ್ರಿ.”

ಅಂಬವ್ವ ಬಂದು ಊಟಕ್ಕೆ ಕರೆದಳು. ಆತ ಕದಲಲಿಲ್ಲ. ಮಾಲಕರು ಬರುವ ತನಕ ಯಾರಾದರೂ ಕಾಯಬೇಕಲ್ಲ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಬಿಸಿಲಲ್ಲೇ ನಿಂತ. ತಾಯಿ ಮಗಳು ಹೊಸ್ತಿಲಲ್ಲಿ ಕೂತರು. ಮಾಲಕರೆಂದು ಯಾರನ್ನು ಕರೆತಂದು ತೋರಿಸಿದರೆ ಆತ ಒಳಗೆ ಬಂದಾನೆಂದು ಇಬ್ಬರಿಗೂ ತಿಳಿಯಲಿಲ್ಲ.