ಕಾಲು ಮಾತ್ರೆ

ಗುಂಡಿ ಕುಂಟಲು ಶುರುಮಾಡಿದ್ದು ಸೋಮವಾರವೋ ಮಂಗಳವಾರವೋ ಎಂಬುದರ ಮೇಲೆಯೇ ಅತ್ತೆ ಸೊಸೆಗೆ ಒಂದು ಸುತ್ತು ಜಗಳವಾಗಿತ್ತು. ಗುಂಡಿ ಎಂದರೆ ಆ ಮನೆಯ ನಾಯಿ. ಮರಿಯಾಗಿದ್ದಾಗ ಗಿರಾಕಿಯೊಬ್ಬರ ಕೋಟಿನಿಂದ ಗುಂಡಿ ಕಿತ್ತು ನುಂಗಿ, ಮರುದಿನ ಅದನ್ನು ಮರ್ಯಾದೆಯಾಗಿ ಹಿಂತಿರುಗಿಸಿದ್ದಕ್ಕೆ ಬಂದ ಹೆಸರು. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಸೊಸೆ ಕತ್ತರಿಸಿ ಹೊಲಿಯುವವಳು, ಅತ್ತೆ ಕಾಜ ಹಾಕಿ ಗುಂಡಿ ಹಚ್ಚುವವರು, ಮಷಿನ್ನಿನ ಕೆಳಗೆ ಚೂರುಬಟ್ಟೆಯ ರಾಶಿಯ ಮೇಲೆ ಮಲಗಿ ಬಂದವರನ್ನೆಲ್ಲ ಅಡಿಯಿಂದ ಮುಡಿಯವರೆಗೆ ಅಳೆಯುವುದು ನಾಯಿಯ ಕೆಲಸ. ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗುವವನು. ಹಾಗಾಗಿ ಆ ಇಬ್ಬರು ಹೆಂಗಸರಿಗೆ ಗುಂಡಿಯೇ ಗಂಡುದಿಕ್ಕು, ಅದು ಹೆಣ್ಣುನಾಯಿಯಾಗಿದ್ದರೂ.

ಹಿಂಗಾಲು ಎತ್ತಿಕೊಂಡೇ ಓಡಾಡುತ್ತಿದ್ದ ಅದನ್ನು ಸೊಸೆ ಮಗುವಿನ ಹಾಗೆ ಎತ್ತಿಕೊಂಡು ಪ್ರಾಣಿಗಳ ಕ್ಲಿನಿಕ್ಕಿಗೆ ಹೋದಳು. ಕಾದು ಕಾದು ಸೊಂಟ ಬಿದ್ದುಹೋದ ಮೇಲೆ ಒಳಗೆ ಕರೆದರು. ಡಾಕ್ಟರು ಬಂದದ್ದೇ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು.

"ಎಷ್ಟು ದಿನದಿಂದ?" ಅಂದರು.

"ಸೋಮವಾರದಿಂದ ಡಾಕ್ಟ್ರೇ."

"ನಿಮಗಲ್ಲಮ್ಮ." ಫೋನನ್ನು ಕಣ್ಣಲ್ಲೇ ತೋರಿಸಿದರು. "ಎಷ್ಟು ದಿನದಿಂದ ಬಡ್ಕೋತಿದೀನಿ ನಿಂಗೆ, ಬಚ್ಚಲಿಗೆ ಆ ಬಿಳಿ ಟೈಲ್ಸ್ ಬೇಡ ಅಂತ?"

ಡಾಕ್ಟರು ಹೊಸ ಮನೆ ಕಟ್ಟಿಸುತ್ತಿದ್ದರು. ಕಟ್ಟಿಸಲಿ, ಬೇಡ ಎಂದವರಾರು? ಆದರೆ ಅವರ ಬಾಯಿಂದ ಬೀಳುವ ಮಾತಿನಲ್ಲಿ ಟೈಲ್ಸಿನವನಿಗೆ ಯಾವುದು, ತನಗೆ ಯಾವುದು ಎಂದು ಆರಿಸಿಕೊಳ್ಳುವುದು ಅವಳಿಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತಾಯಿತು. ಉಜ್ಜಿ ಕೂರಿಸು ಅಂದದ್ದು ಅವನಿಗೆ. ಸ್ವಲ್ಪ ನಡೆಸಿ ತೋರಿಸಿ ಅಂದದ್ದು ಇವಳಿಗೆ. ನಡೆಸಿದಳು. ಡಾಕ್ಟರು ಮೇಜಿನ ಆಚೆಯಿಂದಲೇ ಬಗ್ಗಿ ನೋಡಿದರು.

"ಸಣ್ಣ ಉಳುಕು. ಕಾಲು ಮಾತ್ರೆ ಕೊಡಿ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಏನಾದ್ರೂ ತಿನ್ಸಿ ಕೊಡಿ. ಇಲ್ಲ ಮಾರಾಯ, ಇಳಿಜಾರು ಆ ಕಡೆ ಬರ್ಬೇಕು!"

ಕಡೆಯ ಮಾತು ತನಗಲ್ಲ ಎಂದು ಅವಳಿಗೆ ಅರ್ಥವಾಯಿತು. ಉಳಿದದ್ದೆಲ್ಲ ತನಗೆ ಅರ್ಥವಾಗಿದೆ ಎಂದುಕೊಂಡಳು. ಹೊರಗಿನ ಕೌಂಟರಿನಲ್ಲಿದ್ದ ಹೆಂಗಸು ಮಾತ್ರೆಯ ಹಾಳೆಯೊಂದನ್ನು ಅವಳ ಕೈಗೆ ಹಾಕಿ, "ನೆಕ್ಸ್ಟ್!" ಅಂದಳು.

ಅತ್ತೆಯ ಡಬ್ಬಿಯಲ್ಲಿ ಬಿಪಿ ಮಾತ್ರೆ, ಶುಗರ್ ಮಾತ್ರೆ, ಮಂಡಿ ಮಾತ್ರೆ ಎಂದು ಮೊದಲೇ ಒಂದು ಸಂಸಾರವಿತ್ತು. ಈಗ ಗುಂಡಿಯ ಕಾಲು ಮಾತ್ರೆಯೂ ಅದರ ಪಕ್ಕದಲ್ಲಿ ಬಂದು ಕೂತಿತು.

"ಏನೇ ಇದು, ನನ್ನ ಮಂಡಿ ಮಾತ್ರೆಗಿಂತ ದಪ್ಪ ಇದೆ?" ಅಂದರು ಅತ್ತೆ.

"ನಿಮಗೆ ಎರಡು ಕಾಲು, ಅವಳಿಗೆ ನಾಲ್ಕು" ಅಂದಳು ಸೊಸೆ. ಅತ್ತೆ ಒಪ್ಪಿಕೊಂಡರು.

ನಾಯಿಗೆ ಮಾತ್ರೆ ನುಂಗಿಸುವುದೆಂದರೇನು ಹುಡುಗಾಟವೇ? ಬ್ರೆಡ್ಡಿನಲ್ಲಿ ಮುಚ್ಚಿಟ್ಟರೆ ಬ್ರೆಡ್ಡು ಒಳಗೆ, ಮಾತ್ರೆ ಹೊರಗೆ. ಮೊಟ್ಟೆಯಲ್ಲಿಟ್ಟರೂ ಅದೇ ಕತೆ. ಕೊನೆಗೆ ಅತ್ತೆ ಹಿಂದಿನಿಂದ ಹಿಡಿದುಕೊಳ್ಳುವುದು, ಸೊಸೆ ದವಡೆ ಬಿಡಿಸಿ ನಾಲಿಗೆಯ ಬುಡಕ್ಕೆ ಬೆರಳಿಂದ ದಬ್ಬಿ, ಮೂತಿ ಮುಚ್ಚಿ, ಗಂಟಲು ನೀವುವುದು ಎಂದಾಯಿತು. ಗುಂಡಿ ಕಚ್ಚಲಿಲ್ಲ. ಕಚ್ಚಬಹುದಾಗಿತ್ತು, ಹಲ್ಲೆಲ್ಲ ಗಟ್ಟಿಯಾಗೇ ಇದ್ದವು. ಅವಳ ಮುಖವನ್ನೇ ನೋಡುತ್ತ ನುಂಗುತ್ತಿತ್ತು. "ನಿನ್ನ ಒಳ್ಳೇದಕ್ಕೇ ಕಣೇ ಬಂಗಾರಿ" ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು, ಮತ್ತು ನಂಬಿಯೇ ಹೇಳುತ್ತಿದ್ದಳು.

ಕುಂಟು ಹೋಯಿತು. ಅದರ ಹಿಂದೆಯೇ ವಾಂತಿ ಬಂತು. ಗುಂಡಿ ತಟ್ಟೆಯ ಹತ್ತಿರ ಹೋಗುವುದು, ಮೂಸುವುದು, ವಾಪಸು ಬಂದು ಚೂರುಬಟ್ಟೆಯ ಮೇಲೆ ಬೀಳುವುದು. ಇವಳು ಕ್ಲಿನಿಕ್ಕಿಗೆ ಫೋನು ಮಾಡಿದಳು. ಕೌಂಟರಿನವಳು "ಹೋಲ್ಡ್ ಮಾಡಿ" ಎಂದು ಹಾಡು ಹಾಕಿದಳು. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಡಾಕ್ಟರು ಸಿಕ್ಕಾಗ ಅವಳಿಗೆ ಆ ಹಾಡು ಬಾಯಿಪಾಠವಾಗಿತ್ತು.

"ಮಾತ್ರೆ ಸರಿಯಾಗಿ ಕೊಡ್ತಿದೀರಾ?"

"ಎರಡು ಹೊತ್ತೂ ಕೊಡ್ತಿದೀನಿ ಡಾಕ್ಟ್ರೇ."

"ಕಾಲೇ ತಾನೆ?"

"ಕಾಲೇ ಡಾಕ್ಟ್ರೇ! ಇನ್ಯಾವ ಮಾತ್ರೇನೂ ಮುಟ್ಟಿಲ್ಲ."

"ಹಾಗಾದ್ರೆ ಅದರಿಂದ ಅಲ್ಲ. ಬೀದೀಲಿ ಏನೋ ಹಾಳುಮೂಳು ತಿಂದಿರುತ್ತೆ. ಮಾತ್ರೆ ನಿಲ್ಲಿಸ್ಬೇಡಿ."

"ಬೀದಿಗೇ ಹೋಗಿಲ್ವಲ್ಲ ಡಾಕ್ಟ್ರೇ, ಕರ್ಕೊಂಡು ಬರ್ಲಾ? ಒಂದ್ಸಲ ಕೈಯಿಟ್ಟು ನೋಡಿ."

"ಬೇಕಾಗಿಲ್ಲಮ್ಮ. ಹೊಟ್ಟೆಗೆ ಒಂದು ಸಿರಪ್ ಬರ್ಕೊಡ್ತಾರೆ, ಕೌಂಟರಲ್ಲಿ ತಗೊಳ್ಳಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಆದರೂ ತಗೊಂಡಳು. ಗುಲಾಬಿ ಬಣ್ಣದ ಸಿರಪ್ಪು ಅರ್ಧ ನಾಯಿಯ ಹೊಟ್ಟೆಗೆ, ಅರ್ಧ ಗಿರಾಕಿಯ ಬಿಳಿ ಬಟ್ಟೆಗೆ ಹೋಯಿತು. ಬೆರಳು, ದವಡೆ, ಗಂಟಲು ನೀವುವುದು ಎಲ್ಲ ನಡೆದೇ ಇತ್ತು. ಅತ್ತೆ ಒಂದು ಸಂಜೆ, "ಸಾಕು ಬಿಡೇ, ಅದರ ಕಣ್ಣು ನೋಡೋಕಾಗಲ್ಲ" ಅಂದರು. "ಡಾಕ್ಟ್ರು ನಿಲ್ಲಿಸ್ಬೇಡಿ ಅಂದಿದ್ದಾರೆ, ನಿಮಗೇನು ಗೊತ್ತು?" ಎಂದು ಸೊಸೆ ರೇಗಿದಳು. ಓದಿದವರ ಮಾತು ಮೀರಬಾರದು ಎಂದು ಅವಳನ್ನು ಬೆಳೆಸಿದ್ದರು.

ಮರುದಿನ ಗುಂಡಿಯ ಹೇಲು ಟಾರಿನಂತೆ ಕಪ್ಪಗಿತ್ತು. ಒಸಡು ಬಿಳುಚಿಕೊಂಡಿತ್ತು. ಕರೆದರೆ ತಲೆ ಎತ್ತಲಿಲ್ಲ. ಸೊಸೆ ಅದನ್ನು ಚೂರುಬಟ್ಟೆಯ ಸಮೇತ ಬಾಚಿಕೊಂಡು ಕ್ಲಿನಿಕ್ಕಿಗೆ ಓಡಿದಳು. ಕೌಂಟರಿನವಳು, "ಅಪಾಯಿಂಟ್‌ಮೆಂಟ್ ಇದೆಯಾ?" ಅಂದಳು.

"ಇದು ಸಾಯೋಕೂ ಅಪಾಯಿಂಟ್‌ಮೆಂಟ್ ತಗೋಬೇಕಾ ನಿಮ್ಮಲ್ಲಿ?" ಎಂದು ಇವಳು ಬಾಗಿಲನ್ನು ಹೆಗಲಿಂದ ನೂಕಿಕೊಂಡು ಒಳಗೆ ಹೋಗಿ ನಾಯಿಯನ್ನು ಮೇಜಿನ ಮೇಲೆ ಮಲಗಿಸಿದಳು.

ಡಾಕ್ಟರು ಒಸಡು ನೋಡಿದರು. ಮುಖ ಬದಲಾಯಿತು. "ಮಾತ್ರೆ ತಂದಿದೀರಾ?" ಅವಳು ಚೀಲದಿಂದ ತೆಗೆದುಕೊಟ್ಟಳು. ಡಾಕ್ಟರು ಆ ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ರೀ ಇದು, ಎಲ್ಲಾ ಮುಗಿಸಿದ್ದೀರಾ? ಕಾಲು ಮಾತ್ರೆ ಅಂದ್ನಲ್ಲ!"

"ಕಾಲು ಮಾತ್ರೇನೇ ಡಾಕ್ಟ್ರೇ ಕೊಟ್ಟಿದ್ದು!"

"ಕಾಲು ಅಂದ್ರೆ ಕಾಲಮ್ಮ! ಅರ್ಧ, ಮುಕ್ಕಾಲು, ಕಾಲು! ಒಂದು ಮಾತ್ರೇನ ನಾಲ್ಕು ಮಾಡಿ ಅದರಲ್ಲಿ ಒಂದು!"

ಬಾಗಿಲಲ್ಲಿ ನಿಂತಿದ್ದ ಕೌಂಟರಿನವಳಿಗೆ ನಗು ಬಂತು, ನಾಯಿಯ ಮುಖ ನೋಡಿ ಅದನ್ನು ನುಂಗಿಕೊಂಡಳು.

"ಕಾಲು ಅಂದ್ರೆ ಇದು ಡಾಕ್ಟ್ರೇ!" ಇವಳು ನಾಯಿಯ ಹಿಂಗಾಲನ್ನು ಹಿಡಿದೆತ್ತಿ ತೋರಿಸಿದಳು. "ಕಾಲು ನೋವು ಅಂತ ಬಂದವಳಿಗೆ ಕಾಲು ಮಾತ್ರೆ ಕೊಡಿ ಅಂದ್ರೆ, ಏನಂತ ತಿಳ್ಕೋಬೇಕು ನಾನು? ಆ ಟೈಲ್ಸಿನವನಿಗೆ ಒಂದು ಮಾತನ್ನ ಹತ್ತು ಸಲ ಬಿಡಿಸಿ ಹೇಳಿದ್ರಲ್ಲ, ನನಗೆ ಎರಡು ಸಲ ಹೇಳೋಕೆ ಏನಾಗಿತ್ತು?"

ಅಷ್ಟರಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು. ಅವರು ಅದನ್ನು ಆರಿಸಿ ಡ್ರಾಯರಿನೊಳಗೆ ಹಾಕಿದರು. ಮುಂಗಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ಡ್ರಿಪ್ ಏರಿಸಿದರು. ಕೆಲಸ ಗೊತ್ತಿದ್ದ ಮನುಷ್ಯನೇ. ಅದೇ ಅವಳ ಪಿತ್ತವನ್ನು ಇನ್ನಷ್ಟು ನೆತ್ತಿಗೇರಿಸಿತು. ಗೊತ್ತಿಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು.

"ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗಿದೆ. ಎರಡು ದಿನ ಕಳೀಲಿ, ಆಮೇಲೆ ಹೇಳ್ತೀನಿ" ಅಂದರು. ಸೂಜಿಯ ಮೇಲೆ ಪಟ್ಟಿ ಅಂಟಿಸುತ್ತ, "ತಪ್ಪು ನಿಮ್ಮದೂ ಇದೆಯಮ್ಮ. ಅನುಮಾನ ಬಂದಾಗ ಕೇಳ್ಬೇಕಿತ್ತು" ಅಂದರು.

"ಅನುಮಾನ ಬಂದಿದ್ರೆ ತಾನೆ ಕೇಳೋದು? ಇರ್ಲಿ, ನನ್ನದಿದೆ ಡಾಕ್ಟ್ರೇ. ನಿಮ್ಮ ಪಾಲು ಎಷ್ಟು? ಕಾಲಾ, ಮುಕ್ಕಾಲಾ?"

ಡಾಕ್ಟರು ಡ್ರಿಪ್ಪಿನ ಹನಿ ಎಣಿಸುತ್ತ ನಿಂತರು.

ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳ ಕೋಪ ತನ್ನ ಕಡೆಗೇ ತಿರುಗಿತು. ದಿನಬೆಳಗಾದರೆ ಕಾಲು ಇಂಚು ಬಿಡಿ, ಕಾಲು ಇಂಚು ಹಿಡಿ, ಮುಕ್ಕಾಲು ಮೀಟರು ಬಟ್ಟೆ ತನ್ನಿ ಎನ್ನುವ ನಾಲಿಗೆ ತನ್ನದು. ಬಟ್ಟೆಗೆ ಹೊಳೆಯುವ ಕಾಲು ನಾಯಿಗೆ ಹೊಳೆಯಲಿಲ್ಲವಲ್ಲ! ವಿಷಯ ತಿಳಿದು ಓಡಿಬಂದ ಅತ್ತೆ ಏನಾದರೂ ಚುಚ್ಚುತ್ತಾರೆಂದು ಕಾದಳು. ಅತ್ತೆ ಬೆಂಚಿನ ಮೇಲೆ ಪಕ್ಕದಲ್ಲಿ ಬಂದು ಕೂತು, "ಹಿಡ್ಕೊಂಡಿದ್ದು ನಾನೇ ಅಲ್ವೇನೇ" ಎಂದಷ್ಟೇ ಹೇಳಿದರು. ಚುಚ್ಚಿದ್ದರೇ ಚೆನ್ನಾಗಿತ್ತು.

ಎರಡು ದಿನವೂ ಅಂಗಡಿಗೆ ಬಾಗಿಲು. ಮದುವೆಯ ರವಿಕೆಗೆ ಬಂದ ಗಿರಾಕಿ ಬೈದುಕೊಂಡು ಹೋದಳು, ಹೋಗಲಿ. ಮೂರನೆಯ ಬೆಳಿಗ್ಗೆ ಹೋದಾಗ ಗುಂಡಿ ಮುಂಗಾಲೂರಿ ಎದ್ದು ಕೂತಿತ್ತು. ಕಣ್ಣಿಗೆ ಜೀವ ಬಂದಿತ್ತು.

"ಗಂಡಾಂತರ ಕಳೀತು. ಏನಾದ್ರೂ ತಿಂದ್ರೆ ಮನೆಗೆ ಕರ್ಕೊಂಡು ಹೋಗ್ಬಹುದು" ಅಂದರು ಡಾಕ್ಟರು.

ಅವಳು ಮನೆಯಿಂದ ತಂದ ಬೇಯಿಸಿದ ಮೊಟ್ಟೆಯನ್ನು ಮುರಿದು, ಒಂದು ಚೂರನ್ನು ಅಂಗೈ ಮೇಲಿಟ್ಟು ಚಾಚಿದಳು. ಗುಂಡಿ ಮೊಟ್ಟೆಯನ್ನು ನೋಡಿತು. ಕೈಯನ್ನು ನೋಡಿತು. ಕಿವಿ ಹಿಂದಕ್ಕೆ ಮಡಚಿಕೊಂಡು, ದವಡೆ ಬಿಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತು. "ಬಂಗಾರಿ, ಮಾತ್ರೆ ಅಲ್ಲ ಕಣೇ, ಬರೀ ಮೊಟ್ಟೆ" ಅಂದಳು. ಆ ದನಿ ಕೇಳಿದ್ದೇ ತಡ, ಅದು ಇನ್ನಷ್ಟು ಹಿಂದಕ್ಕೆ ಸರಿಯಿತು.

"ಕೊಡಿ ಇಲ್ಲಿ" ಎಂದು ಡಾಕ್ಟರು ಅದೇ ಚೂರನ್ನು ಇಸಕೊಂಡು, ಬಗ್ಗಿ ಹಿಡಿದರು. ಗುಂಡಿ ಮೂಸಿ, ಗಬಕ್ಕನೆ ತಿಂದಿತು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಆಮೇಲೆ ಅವರ ಮಣಿಕಟ್ಟನ್ನು ನೆಕ್ಕತೊಡಗಿತು.

"ನೋಡಿದ್ರಾ? ನನ್ನ ಮೇಲೆ ಅದಕ್ಕೇನೂ ಸಿಟ್ಟಿಲ್ಲ" ಎಂದು ಡಾಕ್ಟರು ನಕ್ಕರು.

ಸಿಟ್ಟೇಕೆ ಇದ್ದೀತು? ಆ ಗಂಟಲೊಳಗೆ ಒಂದೇ ಒಂದು ಮಾತ್ರೆಯನ್ನೂ ಅವರ ಬೆರಳು ದಬ್ಬಿರಲಿಲ್ಲ. ದಬ್ಬಿದ್ದೆಲ್ಲ ಇವಳ ಬೆರಳು. ಅವರಿಗೆ ಹೇಳಬೇಕೆಂದು ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದವು. ಬಾಯಿಯನ್ನೂ ತೆರೆದಳು. ಆದರೆ ದನಿ ಏರಿಸಿದರೆ ಗುಂಡಿ ಎಲ್ಲಿ ಹೆದರಿ ತಿನ್ನುವುದನ್ನು ಬಿಟ್ಟೀತೋ ಅನಿಸಿತು.

ಉಳಿದ ಮೊಟ್ಟೆಯನ್ನು ಡಾಕ್ಟರ ಮುಂದೆ ಹಿಡಿದು, ಮೆಲ್ಲಗೆ, "ಇನ್ನೊಂದು ಚೂರು ನೀವೇ ತಿನ್ಸಿ ಡಾಕ್ಟ್ರೇ" ಅಂದಳು.