ಯೋಯೆಜರನ ಹರಕೆಯ ಹೋರಿ

ನಮ್ಮ ಓಣಿಯಲ್ಲಿ ಚಪ್ಪಲಿ ಹೊಲಿಯುವ ಯೋಯೆಜರ ಎರಡು ವರ್ಷದಿಂದ ನಾನು ಸುಟ್ಟು ಮಾರುವ ರೊಟ್ಟಿ ಮುಟ್ಟಿರಲಿಲ್ಲ. ನನ್ನ ಒಲೆಯ ಹೊಗೆ ಅವನ ತೊಗಲಿಗೆ ಹತ್ತುತ್ತದೆ ಎಂಬುದು ಅವನ ದೂರು. ಅದಕ್ಕಾಗಿ ಅವನ ಹೆಂಡತಿ ಶಪ್ಪೀರಾ, ಪಾಪ, ದಿನಾ ಬೆಳಿಗ್ಗೆ ಜೆರೂಸಲೇಮಿನ ಮೇಲುಪೇಟೆಯ ತನಕ ಮೆಟ್ಟಿಲು ಹತ್ತಿ ಆರಿದ ರೊಟ್ಟಿ ತರುತ್ತಿದ್ದಳು. ನನ್ನೊಬ್ಬಳ ಮೇಲಷ್ಟೇ ಅವನಿಗೆ ಸಿಟ್ಟು ಎಂದುಕೊಳ್ಳಬೇಡಿ. ಎಣ್ಣೆ ಮಾರುವ ಹನೀನನ ಜೊತೆ ಮೋರಿಯ ಜಗಳ, ನೇಕಾರ ಬೂನಿಯ ಜೊತೆ ಮಗ್ಗದ ಸದ್ದಿನ ಜಗಳ. ಉಳಿದವರ ಜೊತೆ ಯಾಕೆಂದು ಅವನಿಗೂ ಮರೆತುಹೋಗಿತ್ತು, ಆದರೂ ಜಗಳವನ್ನು ಮಾತ್ರ ಚೊಕ್ಕವಾಗಿ ನಡೆಸಿಕೊಂಡು ಬಂದಿದ್ದ.

ಅಂಥವನು ಒಂದು ಸಂಜೆ ನನ್ನ ಬಾಗಿಲಿಗೆ ಬಂದು ನಿಂತ. ತೊಗಲು ತರಲು ಸೈಪ್ರಸ್ಸಿಗೆ ಹೊರಟಿದ್ದವನ ಹಡಗು ಒಡೆದು, ಹಲಗೆ ಹಿಡಿದು ಯಾಫಾದ ದಡ ಸೇರಿದ ಸುದ್ದಿ ಆಗಲೇ ಓಣಿಯನ್ನು ಮೂರು ಸುತ್ತು ಹಾಕಿತ್ತು.

"ಯೊಹಾನಕ್ಕ, ನಲವತ್ತು ರೊಟ್ಟಿ ಬೇಕು," ಅಂದ, ನನ್ನ ಮುಖ ಬಿಟ್ಟು ಒಲೆಯನ್ನು ನೋಡುತ್ತ.

"ಯಾರಪ್ಪಾ ನೀನು? ಎಲ್ಲೋ ನೋಡಿದ ಹಾಗಿದೆ."

"ಆಡ್ಕೋಬೇಡಕ್ಕ. ನೀರಲ್ಲಿ ಹರಕೆ ಹೊತ್ಕೊಂಡೆ. ಬದುಕಿದ್ರೆ ದೇವಾಲಯದಲ್ಲಿ ಉಪಕಾರದ ಬಲಿ ಕೊಡ್ತೀನಿ ಅಂತ."

"ಒಳ್ಳೇದು. ಆಡೋ, ಕುರಿಯೋ?"

ಅವನು ಗಡ್ಡ ಕೆರೆದುಕೊಂಡ. "ಹೋರಿ."

"ಹೋರಿ! ಒಂದು ಆಡು ಅಂದಿದ್ರೆ ದೇವರೇನು ಬೇಡ ಅಂತಿದ್ನಾ?"

"ಆ ಅಲೆ ನೀನು ನೋಡ್ಬೇಕಿತ್ತು. ಆಡು ಅನ್ನೋಕೆ ಬಾಯೇ ಬರ್ಲಿಲ್ಲ."

ಪ್ರಾಣ ಉಳಿದದ್ದಕ್ಕೆ ಕೊಡುವ ಬಲಿ ಅದು. ಯಾವ ಪ್ರಾಣಿಯಾದರೂ ಸರಿ, ಜೊತೆಗೆ ನಲವತ್ತು ರೊಟ್ಟಿ ಹೋಗಲೇಬೇಕು. ಮೂವತ್ತು ಹುಳಿಯಿಲ್ಲದ ರೊಟ್ಟಿ, ಹತ್ತು ಹುಳಿಹಿಟ್ಟಿನದು. ಆ ಹತ್ತಕ್ಕೆ ಮೂವತ್ತರಷ್ಟೇ ಹಿಟ್ಟು ಹಿಡಿಯುತ್ತದೆ. ಒಂದೊಂದೂ ಉಬ್ಬಿ ಬೀಸುವ ಕಲ್ಲಿನಷ್ಟಾಗುತ್ತದೆ. ನಾನು ಮನಸ್ಸಿನಲ್ಲೇ ಹಿಟ್ಟಿನ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವನು ಕೇಳಿದ:

"ಎರಡು ಮೂಟೆ ಉಪ್ಪು ಎಲ್ಲಿ ಸಿಗುತ್ತಕ್ಕ?"

"ಎರಡು ಮೂಟೆ ಯಾಕೋ?"

"ಮಾಂಸಕ್ಕೆ. ಎದೆ, ಬಲತೊಡೆ, ನಾಲ್ಕು ರೊಟ್ಟಿ ಪುರೋಹಿತರಿಗೆ. ಕೊಬ್ಬು ಬೆಂಕಿಗೆ. ಉಳಿದದ್ದೆಲ್ಲ ನಂದೇ ತಾನೆ? ಉಪ್ಪು ಹಚ್ಚಿ ಒಣಗಿಸಿಟ್ರೆ ಚಳಿಗಾಲ ಕಳೀತು."

ನಾನು ಹಿಟ್ಟಿನ ಕೈಯನ್ನೇ ತಲೆಯ ಮೇಲೆ ಇಟ್ಟುಕೊಂಡೆ. ಈ ಊರಲ್ಲೇ ಹುಟ್ಟಿ ಬೆಳೆದವನು. ಆದರೆ ಯಾರೂ ಅವನನ್ನು ಬಲಿಯ ಊಟಕ್ಕೆ ಕರೆದಿರಲಿಲ್ಲ, ಕರೆದಿದ್ದರೂ ಅವನು ಹೋಗುತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ?

"ಲೋ, ಕೊಟ್ಟ ದಿನವೇ ತಿಂದು ಮುಗಿಸ್ಬೇಕು ಕಣೋ. ನಡುರಾತ್ರಿ ದಾಟೋ ಹಾಗಿಲ್ಲ. ಒಂದು ತುಂಡು ಉಳಿದ್ರೂ ಪಾಪ."

"ಬೆತ್ಲೆಹೇಮಿನಲ್ಲಿ ಶಪ್ಪೀರಾ ತಮ್ಮ ಇದಾನೆ, ಅವನಿಗೊಂದು ತೊಡೆ..."

"ಊರ ಗೋಡೆ ದಾಟಿಸೋ ಹಾಗಿಲ್ಲ."

"ಮತ್ತೆ ಒಂದು ಹೋರೀನ ನಾವಿಬ್ರೇ ಹೇಗೆ ತಿನ್ನೋದು?"

"ನೆಂಟರು, ನೆರೆಯವರು ಅಂತ ಇನ್ನೇತಕ್ಕೆ ಇರ್ತಾರೆ? ಕರಿ."

ಅವನ ಮುಖ ಬಿಳುಚಿತು. "ಯಾರನ್ನ?" ಅಂದ. ಆಮೇಲೆ ದನಿ ತಗ್ಗಿಸಿ, "ಅಕ್ಕ, ಇದು ಸರಿಯಾಗಿ ತೀರದಿದ್ರೆ ಆ ಸಮುದ್ರ ನನ್ನ ಬಿಡಲ್ಲ. ಬಟ್ಟಲಲ್ಲಿ ನೀರು ಕಂಡ್ರೂ ಎದೆ ಹಾರುತ್ತೆ ಈಗ," ಅಂದ. ನಗಬೇಕೆಂದಿದ್ದೆ, ಆದರೆ ಒಲೆಯ ಪಕ್ಕದ ನೀರಿನ ಕೊಡವನ್ನು ಸರಿಸಿ ಮರೆಗಿಟ್ಟೆ.

"ರೊಟ್ಟಿ ಸುಟ್ಟು ಕೊಡ್ತೀನಿ. ಊಟಕ್ಕೆ ಮಾತ್ರ ನನ್ನ ಕರೀಬೇಡ," ಅಂದೆ. ನನಗೂ ಎರಡು ವರ್ಷದ ಸಿಟ್ಟು ಇತ್ತು ನೋಡಿ.

ಮಾಂಸ ಕಡಿಮೆಯಾಗಲಿ ಎಂದು ಸಂತೆಯಲ್ಲೇ ತೀರ ಬಡಕಲಾದ ಹೋರಿಯನ್ನು ಹುಡುಕಿ ಕೊಂಡ. ಬಲಿಗೆ ಅಡ್ಡಬರುವ ಊನ ಒಂದೂ ಇರಲಿಲ್ಲ, ಪಕ್ಕೆಲುಬುಗಳನ್ನು ಮಾತ್ರ ದೂರದಿಂದಲೇ ಎಣಿಸಬಹುದಾಗಿತ್ತು. ಆದರೆ ದೇವಾಲಯದಲ್ಲಿ ಬಲಿಯಾಗಿ ಮಧ್ಯಾಹ್ನ ನಾಲ್ಕು ಹಮಾಲರ ಬೆನ್ನ ಮೇಲೆ ಮನೆಗೆ ಬಂದಾಗ ಅದೇ ಬಡಕಲು ಹೋರಿಯ ಮಾಂಸ ಅಂಗಳ ತುಂಬಿತು. ಶಪ್ಪೀರಾ ಏಳು ಕಡೆ ಕಲ್ಲು ಹೂಡಿ ಹಂಡೆ ಏರಿಸಿದಳು. ಯೋಯೆಜರ ಕರೆಯಲು ಹೊರಟ. ಇಂಥದ್ದನ್ನು ನೋಡದೆ ಬಿಡುವುದುಂಟೇ? ನಾನೂ ಹಿಂದೆಯೇ ಹೋದೆ.

"ಹನೀನಾ, ಊಟಕ್ಕೆ ಬಾ. ನೀನು ಬರದಿದ್ರೆ ಪಾಪ ನನಗೆ ಸುತ್ಕೊಳ್ಳುತ್ತೆ!" ಎಂದು ಬೀದಿಯಲ್ಲೇ ನಿಂತು ಗದರಿದ. ಅದು ಅವನು ಕರೆಯುವ ರೀತಿ.

ಹನೀನ ಎಣ್ಣೆ ಅಳೆಯುವುದನ್ನು ನಿಲ್ಲಿಸಲಿಲ್ಲ. "ಅಯ್ಯೋ, ಬರ್ತಿದ್ದೆ ಯೋಯೆಜರಣ್ಣ. ಏನ್ಮಾಡ್ಲಿ, ಬೆಳಿಗ್ಗೆ ಜಾಡಿ ಹಿಂದೆ ಸತ್ತ ಹಲ್ಲಿ ಮುಟ್ಟಿಬಿಟ್ಟೆ. ಮೈಲಿಗೆ."

ಮೈಲಿಗೆಯವನು ಬಲಿಯ ಮಾಂಸ ತಿನ್ನುವ ಹಾಗಿಲ್ಲ. ಮೈಲಿಗೆ ಎಂದವನನ್ನು ಸಾಕ್ಷಿ ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಗೋಡೆಯ ಆಚೆಯಿಂದ ಬೂನಿ ಕೂಗಿದ: "ನಾನೂ ಮೈಲಿಗೆ! ಹನೀನ ಎಸೆದ ಹಲ್ಲಿ ಸೀದಾ ನನ್ನ ಮಗ್ಗದ ಮೇಲೇ ಬಿತ್ತು!"

ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಆ ಹಲ್ಲಿ ಹನ್ನೊಂದು ಮನೆಗೆ ಹೋಗಿ ಬಂದಿತ್ತು.

"ಅದೇನು ಹಲ್ಲಿಯೋ, ಮೊಸಳೆಯೋ!" ಯೋಯೆಜರ ಕಿರುಚಿದ. "ಸತ್ತ ಮೇಲೆ ಇಷ್ಟು ತಿರುಗಾಡೋ ಹಲ್ಲೀನ ನಾನೆಲ್ಲೂ ಕಂಡಿಲ್ಲ!"

ಬಾಗಿಲುಗಳ ಹಿಂದೆ ಕಿಸಿಕಿಸಿ ನಗು. ಅವನು ನನ್ನ ಕಟ್ಟೆಯ ಮೇಲೆ ಕುಸಿದು ಕೂತ. "ಅಕ್ಕ, ನೀನೂ ಮುಟ್ಟಿದ್ಯಾ?" ಎಂದು ಕೇಳಿದ.

ಬಾಯಿಗೆ ಬಂದಿದ್ದ ಮಾತು ಬೇರೆಯೇ ಇತ್ತು. "ಇಲ್ಲ ಬಿಡು," ಅಂದೆ. "ಬಡಿಸೋಕೆ ಒಬ್ರು ಬೇಕಲ್ಲ."

ಬಡಿಸಿಕೊಳ್ಳಲು ಮಾತ್ರ ಇನ್ನೂ ಯಾರೂ ಇರಲಿಲ್ಲ.

ಶಪ್ಪೀರಾಳ ಕೈರುಚಿ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಂದಿಷ್ಟು ದ್ರಾಕ್ಷಾರಸ ಬಿದ್ದು ಏಳೂ ಹಂಡೆ ಕುದಿಯತೊಡಗಿದಾಗ ಗೊತ್ತಾಯಿತು. ವರ್ಷಕ್ಕೆ ಮೂರು ಹಬ್ಬಕ್ಕೆ ಮಾಂಸ ಕಾಣುವ ಜನ ನಾವು. ಹನೀನ ಮೂರು ಸಲ ಮಾಳಿಗೆ ಹತ್ತಿ ಇಳಿದ. ನಾಲ್ಕನೆಯ ಸಲ ತಡೆಯದೆ ನನ್ನನ್ನು ಕರೆದ.

"ಅಕ್ಕ, ಬೆಳ್ಳುಳ್ಳಿ ಜಾಸ್ತಿ ಹಾಕಿದಾರಾ?"

"ಹಾಕಿದ್ರೆ ನಿಂಗೇನು? ಹಲ್ಲಿ ಮುಟ್ಟಿದವನು."

"ಅಲ್ಲ, ಸುಮ್ನೆ ಕೇಳ್ದೆ. ಈ ಹಲ್ಲಿ ಮೈಲಿಗೆ ಎಷ್ಟು ಹೊತ್ತು ಇರುತ್ತೆ?"

"ನಿನ್ನ ಪುಟ್ಟ ಮಗಳನ್ನ ಕೇಳಿದ್ರೂ ಹೇಳ್ತಾಳೆ. ಮುಳುಗು ಹಾಕು, ಕತ್ತಲಾದ ಮೇಲೆ ಶುದ್ಧ."

ಹೊತ್ತು ಮುಳುಗುವ ಮೊದಲು ಇಡೀ ಓಣಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಶಿಲೋಹದ ಕೊಳಕ್ಕೆ ಇಳಿಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುಳ್ಳು ಎಂದು ಒಪ್ಪಿಕೊಂಡಿದ್ದರೆ ಬೆಚ್ಚಗೆ ಇರಬಹುದಿತ್ತು, ಒಪ್ಪಿಕೊಳ್ಳುವವರು ಯಾರು? ನೀರು ಮೈ ಕೊರೆಯುತ್ತಿತ್ತು. ಬೂನಿ ಹಲ್ಲು ಕಟಕಟಿಸುತ್ತ, "ಹನೀನಾ, ಆಣೆ ಮಾಡಿ ಹೇಳು, ಹಲ್ಲಿ ಇತ್ತಾ?" ಅಂದನಂತೆ.

"ನಿನ್ನ ಮಗ್ಗದ ಮೇಲೆ ಬಿದ್ದದ್ದು ನಿಂಗೇ ಗೊತ್ತಿರ್ಬೇಕು," ಎಂದನಂತೆ ಹನೀನ.

ನಕ್ಷತ್ರ ಮೂಡುವಾಗ ಯೋಯೆಜರನ ಅಂಗಳದಲ್ಲಿ ಒದ್ದೆ ಗಡ್ಡಗಳ ಸಾಲು ನಿಂತಿತ್ತು. ಅವರ ಹಿಂದೆ ಹೆಂಡಿರು ಮಕ್ಕಳು, ಅತ್ತೆ ಮಾವಂದಿರು, ಕೊಳದ ಮೆಟ್ಟಿಲ ಮೇಲೆ ಬೇಡುವವರು, ಎಲ್ಲ ಸೇರಿ ಎಪ್ಪತ್ತು ಎಂಬತ್ತು ಮಂದಿ. ಆದರೆ ಒಬ್ಬರೂ ಕೂರಲೊಲ್ಲರು. ಹನೀನ ಕೈಕಟ್ಟಿಕೊಂಡು ಎಲ್ಲರ ಮುಂದೆ ನಿಂತಿದ್ದ.

"ಉಪಕಾರದ ಬಲಿ ಅಂದ್ಮೇಲೆ, ಹೇಗೆ ಬದುಕಿದೆ ಅಂತ ಹತ್ತು ಜನರ ಮುಂದೆ ಹೇಳ್ಬೇಕು. ಹೇಳು. ಕೇಳಿದ ಮೇಲೇ ಕೂರೋದು."

ಯೋಯೆಜರ ಸೌಟು ಹಿಡಿದುಕೊಂಡೇ ಶುರು ಮಾಡಿದ. "ಹಡಗು ಹೋಯ್ತು. ಒಂದು ಹಲಗೆ ಸಿಕ್ತು. ಯಾರನ್ನಾದ್ರೂ ಕರೀಬೇಕಲ್ಲ, ಬಾಯಿ ಬಿಟ್ಟೆ. ಏನು ಬಂತು ಗೊತ್ತಾ? 'ಹನೀನಾ!' ಅಂತ ಬಂತು. ಆಮೇಲೆ 'ಬೂನೀ!' ಅಂತ. ಆಮೇಲೆ 'ಯೊಹಾನಕ್ಕಾ!' ಅಂತ. ದಿನಾ ಬೈದೂ ಬೈದೂ ಈ ಗಂಟಲಿಗೆ ಬೇರೆ ಹೆಸರೇ ಗೊತ್ತಿರಲಿಲ್ಲ. ಪಕ್ಕದ ಹಲಗೆ ಮೇಲೊಬ್ಬ ಗ್ರೀಕ್ ನಾವಿಕ ತೇಲ್ತಿದ್ದ. 'ಹನೀನ ಅಂದ್ರೆ ನಿಮ್ಮ ದೇವರಾ?' ಅಂದ."

ಹನೀನ ಕಟ್ಟಿದ್ದ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ನೀನೇನಂದೆ?" ಹನೀನ ಕೇಳಿದ.

"ಅಲ್ಲಪ್ಪ, ಎಣ್ಣೆ ಮಾರೋನು, ಅಂದೆ. ಅಳತೆಯಲ್ಲಿ ಮೋಸ ಮಾಡ್ತಾನೆ ಅಂತಾನೂ ಹೇಳೋಕೆ ಹೋದೆ. ಅಷ್ಟರಲ್ಲಿ ಬಾಯೊಳಗೆ ನೀರು ನುಗ್ತು."

ಮೊದಲು ನಕ್ಕವನು ಬೂನಿ. ಹನೀನ ಮುಖ ಬಿಗಿ ಹಿಡಿಯಲು ನೋಡಿದ. ತುಟಿ ಕಚ್ಚಿದ, ಆಕಾಶ ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಲ್ಲೇ ಚಾಪೆಯ ಮೇಲೆ ಕುಳಿತುಬಿಟ್ಟ. "ಬಡಿಸಪ್ಪಾ, ಬಡಿಸು. ಮೂಳೆ ಇರೋ ತುಂಡೇ ಹಾಕು," ಅಂದ, ಕಣ್ಣೊರೆಸಿಕೊಳ್ಳುತ್ತ.

ಆಮೇಲೆ ನನ್ನ ಕೈಗೆ ಬಿಡುವೇ ಇರಲಿಲ್ಲ. ಒಂದು, ಎರಡು, ಐದು, ಏಳನೆಯ ಹಂಡೆಯ ತಳವೂ ಕಂಡಿತು. ಆದರೆ ಉಬ್ಬಿದ ರೊಟ್ಟಿ ಒಂದು ಉಳಿದುಹೋಯಿತು. ಬಲಿಯ ರೊಟ್ಟಿಯೂ ಉಳಿಯುವ ಹಾಗಿಲ್ಲ, ತಿನ್ನುವ ಬಾಯಿಗಳೆಲ್ಲ ಸೋತಿದ್ದವು. ಯೋಯೆಜರ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡಿದ. ಅವನ ಮುಖ ಮತ್ತೆ ಬಿಳುಚಿತ್ತು. "ಹೀಗೆ ಕೊಡು," ಎಂದು ಹನೀನ ಒಂದು ಚೂರು ಮುರಿದುಕೊಂಡು ಪಕ್ಕಕ್ಕೆ ದಾಟಿಸಿದ. ಬೂನಿ ನರಳುತ್ತಲೇ ಮುರಿದ. ನಾನೂ ಮುರಿದುಕೊಂಡೆ. ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ರೊಟ್ಟಿ ಅಂಗೈಯಗಲವಾಯಿತು, ಬೆರಳಗಲವಾಯಿತು. ಕೊನೆಯ ತುಣುಕು ಯೋಯೆಜರನಿಗೇ ಬಂತು. ಅವನು ಅದನ್ನು ಕಣ್ಣು ಮುಚ್ಚಿ ನುಂಗಿದ.

ಆಮೇಲೆ ದೀಪ ಹಿಡಿದು ಏಳೂ ಹಂಡೆಯೊಳಗೆ ಇಣುಕಿ ನೋಡಿದ. ಏನೂ ಉಳಿದಿರಲಿಲ್ಲ. ಬಂದು ಹನೀನನ ಪಕ್ಕದಲ್ಲಿ ಕೂತು, "ಅಲ್ಲ ಹನೀನಾ, ಒಂದು ಮಾತು..." ಎಂದು ಶುರು ಮಾಡಿದವನು ಹಾಗೆಯೇ ಅವನ ಹೆಗಲಿಗೆ ಒರಗಿ ನಿದ್ದೆ ಹೋದ. ಶಪ್ಪೀರಾ ನಾಚಿಕೆಯಿಂದ ಎಬ್ಬಿಸಲು ಎದ್ದಳು.

ಹನೀನ ತುಟಿಯ ಮೇಲೆ ಬೆರಳಿಟ್ಟ. "ಮಲಗ್ಲಿ ಬಿಡಮ್ಮ. ಎಬ್ಬಿಸಿದ್ರೆ ಮಾತಾಡ್ತಾನೆ."