ಹದಿನೆಂಟು, ಎಂಬತ್ತೊಂದು

ನಾನು ಒಂದು ಕರೀ ತಗಡಿನ ಟ್ರಂಕು. ಬೆಳಗಾವಿಯ ಗಲ್ಲಿಯೊಂದರಲ್ಲಿ ಸುತ್ತಿಗೆ ಏಟು ತಿಂದು ಹುಟ್ಟಿದೆ. ಸಿಪಾಯಿ ಭರಮಪ್ಪ ನನ್ನನ್ನು ಕೊಂಡು, ಮುಚ್ಚಳದ ಮೇಲೆ ಬಿಳೀ ಬಣ್ಣದಲ್ಲಿ ತನ್ನ ಹೆಸರು, ನಂಬರು ಬರೆದ. ನಂಬರಿನ ಕೊನೆಗೆ ಹದಿನೆಂಟು.

ಅದೇ ತುಕಡಿಯಲ್ಲಿ ಇನ್ನೊಬ್ಬ ಭರಮಪ್ಪನೂ ಇದ್ದ. ಒಂದೇ ಹೆಸರಿನವರನ್ನು ಫೌಜಿನಲ್ಲಿ ನಂಬರಿನ ಬಾಲ ಹಿಡಿದು ಕರೆಯುತ್ತಾರೆ. ನನ್ನವನು ಹದಿನೆಂಟು, ಅವನು ಎಂಬತ್ತೊಂದು. ನನ್ನವನು ಸೀಟಿ ಹೊಡೆಯದೆ ಬೂಟು ಉಜ್ಜಿದವನಲ್ಲ. ಎಂಬತ್ತೊಂದು ಮೂಕಬಸವ.

ಯುದ್ಧದಲ್ಲಿ ನೆಲಬಾಂಬು ತುಳಿದು ನನ್ನ ಹದಿನೆಂಟು ಸತ್ತ. ಕಾರಕೂನ ಅಂಕಿ ತಿರುವುಮುರುವು ಬರೆದ. ಸಾವಿನ ತಂತಿ ಎಂಬತ್ತೊಂದರ ಮನೆಗೆ ಹೋಯಿತು. ಅವನ ಹೆಂಡತಿ ಲಗಮವ್ವ ಬಳೆ ಒಡೆದುಕೊಂಡು ಒಂಬತ್ತು ದಿನ ಮೂಲೆ ಹಿಡಿದು ಕೂತಳು. ಹತ್ತನೆಯ ದಿನ ಸರಿಯಾದ ತಂತಿ ಹದಿನೆಂಟರ ತಾಯಿ ತಂಗೆವ್ವನಿಗೆ ಹೋಯಿತು.

ಯುದ್ಧ ಮುಗಿದ ಮೇಲೆ ಎಂಬತ್ತೊಂದು ನನ್ನನ್ನು ಹೊತ್ತು ತಂಗೆವ್ವನ ಬಾಗಿಲಿಗೆ ಹೋದ. ಆಕೆ ಅಳಲಿಲ್ಲ. ನನ್ನ ಚಿಲಕವನ್ನೂ ಮುಟ್ಟಲಿಲ್ಲ.

"ಕಾಗದದಾಗ ನೀವಿಬ್ರೂ ಒಬ್ಬನ ಆಗೀರಿ, ತಮ್ಮಾ. ಇದು ನಿನ್ನ ಕಡೇನ ಇರಲಿ. ನನ್ನ ಮಗ ಯಾಂವ ಅಂತ ಬರದಿಡು. ನನಗ ಓದಾಕ ಬರಂಗಿಲ್ಲ, ಬಂದು ಓದಿ ಹೇಳು."

ಅಂದಿನಿಂದ ಎಂಬತ್ತೊಂದು ನನ್ನ ಬೆನ್ನ ಮೇಲೇ ನೋಟುಬುಕ್ಕು ಇಟ್ಟು ನೆನಪಿನಿಂದ ಹದಿನೆಂಟರ ಕಥೆ ಬರೆಯತೊಡಗಿದ. ಮೊದಲು ಒಲೆಯ ಮುಂದೆ ಲಗಮವ್ವನಿಗೆ ಓದುವನು, ಆಮೇಲೆ ಆ ತಾಯಿಗೆ. ಓದಿದ್ದು ನನ್ನ ಹೊಟ್ಟೆ ಸೇರುತ್ತಿತ್ತು. ತಂಗೆವ್ವ ತೀರಿಕೊಂಡಳು. ಇವನು ಪೆನ್ನು ಕೆಳಗಿಡಲಿಲ್ಲ.

"ಇನ್ನ ಯಾರ ಸಲುವಾಗ್ರೀ?" ಎಂದು ಲಗಮವ್ವ ಕೇಳಿದಳು.

"ನಿಲ್ಲಿಸಿದ್ರ ಅಂವ ನಾನಾಗಿಬಿಡ್ತಾನ," ಎಂದ.

ಈಗ ನನಗೆ ತುಕ್ಕು, ಅವನಿಗೆ ಮರೆವು. ಸೀಟಿ ಹೊಡೆದವನು ತಾನೇ ಎಂದು ಬರೆಯುತ್ತಾನೆ. ನನಗೆ ದುಃಖವೂ ಆಗುವುದಿಲ್ಲ. ತಗಡಿಗೆ ಎಷ್ಟು ಆದೀತು! ಮೊನ್ನೆ ನನ್ನ ಸವೆದ ಅಕ್ಷರಗಳಿಗೆ ಬಣ್ಣ ಹಚ್ಚಲು ಕೂತವನು ನಂಬರಿನ ಕೊನೆಗೆ ಎಂಬತ್ತೊಂದು ಎಂದು ಬರೆದ. ನನಗಿರುವುದು ಚಿಲಕ, ಬಾಯಲ್ಲ.

ಲಗಮವ್ವ ಸೀಮೆಎಣ್ಣೆ ಬಟ್ಟೆ ತಂದು ಹಸಿ ಬಣ್ಣ ಒರೆಸಿದಳು.

"ಒಂಬತ್ತು ದಿನ ನೀವು ಸತ್ತೀರಂತ ಅತ್ತೀನ್ರಿ. ಮತ್ತ ಸಾಯಬ್ಯಾಡ್ರಿ. ಹದಿನೆಂಟು ಬರೀರಿ."

"ಹದಿನೆಂಟು ಅಂದ್ರ ಯಾರು?"

ಅವಳು ನನ್ನ ಪಕ್ಕ ನೆಲಕ್ಕೆ ಕೂತಳು.

"ಅಂವ ಬೂಟು ತಿಕ್ಕುವಾಗ ಸೀಟಿ ಹೊಡೀತಿದ್ದ..." ಎಂದು ಬಾಯಿಪಾಠ ಒಪ್ಪಿಸಿದಳು.

ಅವನು ಕುಂಚ ಕೆಳಗಿಟ್ಟು, ಹೊಸ ನೋಟುಬುಕ್ಕು ತೆರೆದು, ಅವಳು ಹೇಳಿದ್ದನ್ನು ಬರೆದುಕೊಳ್ಳತೊಡಗಿದ.